ಹದಿನೇಳರ ಮಗ್ಗಿ

ಹದಿನೇಳರ ಮಗ್ಗಿ ನನಗೆ ಬರುತ್ತಿರಲಿಲ್ಲ. ಮಹಾರಾಜರ ಕಾಲದಲ್ಲಿ ಹನಗೋಡಿನ ಆಚೆಯ ಒಂದು ಹಳ್ಳಿಗೆ ಉಪಾಧ್ಯಾಯಿನಿಯಾಗಿ ಹೋದವಳು ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಬೆಳಿಗ್ಗೆ ಮಕ್ಕಳು ಕೈಕಟ್ಟಿ ರಾಗವಾಗಿ ಮಗ್ಗಿ ಕೂಗುವಾಗ ನಾನು ಸುಮ್ಮನೆ ಬಾಯಾಡಿಸುತ್ತ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಲೆಕ್ಕ ಬೇಕಾದಾಗ ಸೆರಗಿನೊಳಗೆ ಬೆರಳು ಮಡಚಿಕೊಂಡು ಇಮ್ಮಡಿಸುತ್ತ ಹೋಗುವುದು ನನ್ನ ದಾರಿ: ಹದಿನೇಳು, ಮೂವತ್ತನಾಲ್ಕು, ಅರವತ್ತೆಂಟು. ಹದಿನೇಳಾರು ಬೇಕೆಂದರೆ ಕೊನೆಯ ಎರಡನ್ನು ಕೂಡಿಸಿದರಾಯಿತು.

ನಾಲ್ಕನೆಯ ತರಗತಿಯಲ್ಲಿ ರೈತರ ಮನೆಯ ಹುಡುಗಿಯೊಬ್ಬಳಿದ್ದಳು. ಅವಳಿಗೂ ಮಗ್ಗಿ ನಾಲಿಗೆಗೆ ಹತ್ತುತ್ತಿರಲಿಲ್ಲ, ಆದರೆ ಉತ್ತರ ತಪ್ಪುತ್ತಿರಲಿಲ್ಲ. ಅವಳನ್ನು ಕಂಡರೆ ನನ್ನ ಗುಟ್ಟೇ ಎದುರಿಗೆ ಬಂದು ಕೂತ ಹಾಗಾಗಿ ರೇಗುತ್ತಿತ್ತು. ಎಷ್ಟೋ ಸಲ ನಿಲ್ಲಿಸಿ ಬೈದಿದ್ದೇನೆ. ಪಾಸಾದರೆ ಹುಣಸೂರಿನ ಮಿಡಲ್ ಸ್ಕೂಲು, ಇಲ್ಲದಿದ್ದರೆ ಹೊಲದ ಕೆಲಸ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಇನ್ಸ್‌ಪೆಕ್ಟರು ಪರೀಕ್ಷೆಗೆ ಬಂದರು. ಅವರು ಅವಳನ್ನೇ ಎಬ್ಬಿಸಿ, "ಹದಿನೇಳಾರು?" ಎಂದರು.

ಅವಳು ತುಸು ತಡೆದು, "ನೂರಾ ಎರಡು" ಎಂದಳು.

"ತಡ ಯಾಕೆ?"

"ಮನ್ಸಲ್ಲೇ ಇಪ್ಪತ್ತು ಸಾಲು ಒಗೆಸೊಪ್ಪಿನ ಸಸಿ ನೆಟ್ಟೆ ಸ್ವಾಮಿ, ಸಾಲಿಗೆ ಆರು. ನೂರಿಪ್ಪತ್ತಾಯ್ತು. ಆಮೇಕೆ ಮೂರು ಸಾಲು ಕಿತ್ತಾಕ್ದೆ."

ಇನ್ಸ್‌ಪೆಕ್ಟರು ನಗಲಿಲ್ಲ. "ಏನಮ್ಮಾ, ಇವರಿಗೆ ಮಗ್ಗಿ ಹೇಳಿಕೊಟ್ಟಿಲ್ಲವೆ?" ಎಂದು ನನ್ನ ಕಡೆ ತಿರುಗಿದರು.

ಉತ್ತರ ಸರಿಯಾಗಿದೆಯಲ್ಲ ಸ್ವಾಮಿ ಎನ್ನಬಹುದಿತ್ತು. ಹಾಗಾದರೆ ಮಗ್ಗಿ ನೀವೇ ಹೇಳಿ ನೋಡೋಣ ಎಂದು ಅವರು ಅಂದುಬಿಟ್ಟರೆ?

"ಹೇಳಿಕೊಟ್ಟಿದ್ದೇನೆ. ಇವಳೇ ಕಲಿಯಲಿಲ್ಲ" ಎಂದೆ.

ಅವರು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. ಅವರ ಜಟಕಾಗಾಡಿ ಊರು ದಾಟುವವರೆಗೂ ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಉಳಿದುಕೊಂಡೆ ಎಂದು ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ಅವಳು ಬಂದದ್ದು ಶಾಲೆಯ ಸ್ಲೇಟು ಹಿಂದಿರುಗಿಸಲು.

"ಮುಂದಿನ ವರ್ಷ ಕೂತರಾಯಿತು ಬಿಡೆ" ಎಂದೆ, ಅವಳ ಮುಖ ನೋಡದೆ.

"ಅಪ್ಪ ಬುಡಾಕಿಲ್ಲ ಕಣ್ರವ್ವ."

ಸ್ಲೇಟನ್ನು ಮೇಜಿನ ಮೇಲಿಟ್ಟು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ನೀವು ಸೆರಗ್ನೊಳ್ಗೆ ಬೆಳ್ಳು ಮಡಿಸೋದ ನಾನು ಮೊದ್ಲಿಂದ್ಲೂ ನೋಡಿವ್ನಿ. ಅವ್ರಿಗೆ ಯೇಳ್ನಿಲ್ಲ."