ಗೇಟಿನ ಮುಂದಿನ ಸದ್ದು

ಕಿವಿ ಮೇಸ್ತ್ರಿಯ ಮುಂದೆ ಎಂಥ ಹಟಮಾರಿ ಗಾಡಿಯೂ ಬಾಯಿ ಬಿಡಲೇಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಯಾರಾದರೂ ಅನುಮಾನಪಟ್ಟರೆ ಅದೇ ಸ್ಕ್ರೂಡ್ರೈವರ್ ಅವರ ಕಡೆ ತಿರುಗುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ. ಅವನನ್ನು ಗದರಿಸುವ ಧೈರ್ಯ ಇದ್ದದ್ದು ಇಬ್ಬರಿಗೇ, ವಿದ್ಯೆ ಕಲಿಸಿದ ಅಣ್ಣನಿಗೆ ಮತ್ತು ಅತ್ತಿಗೆಗೆ. ಈಗ ಅತ್ತಿಗೆ ಮಾತ್ರ ಉಳಿದಿದ್ದರು.

ಅಣ್ಣ ಬಿಟ್ಟುಹೋದದ್ದು ಒಂದು ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಮಾಸಿದ ಕೆಂಪು. ಅದು ಗೇಟಿನೆದುರು ಬಂದು ನಿಂತಾಗ ಒಳಗಿಂದ 'ಕರ್ರ್' ಎಂದು ಒಂದು ಸದ್ದು ಬರುತ್ತಿತ್ತು, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಅದು ಕೇಳಿದ್ದೇ ಅತ್ತಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಗೇಟು ತೆಗೆಯುತ್ತಿದ್ದರು. ಅಣ್ಣ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಆಮೇಲೂ ಬ್ಯಾಟರಿ ಸಾಯಬಾರದೆಂದು ಮೇಸ್ತ್ರಿ ಮನೆ ಪಕ್ಕದ ಶೆಡ್ಡಿನಲ್ಲಿ ಆಗಾಗ ಕಾರು ಚಾಲೂ ಮಾಡುವನು. ಆಗೆಲ್ಲ ಅತ್ತಿಗೆ ಬಂದು ಗೇಟು ತೆಗೆದು, ಖಾಲಿ ರಸ್ತೆ ನೋಡಿ, ಮತ್ತೆ ಚಿಲಕ ಹಾಕುವರು.

ಒಂದು ದಿನ ಚಿಲಕ ಹಾಕದೆ ನೇರ ಶೆಡ್ಡಿಗೇ ಬಂದರು.

"ನನ್ನ ಕೈಲಾಗಲ್ಲಪ್ಪ. ಒಂದೋ ಆ ಸದ್ದು ಹೋಗ್ಬೇಕು, ಇಲ್ಲಾ ಕಾರು ಗುಜರಿಗೆ ಹೋಗ್ಬೇಕು."

ಕಾರು ಹೋದರೆ ಅಣ್ಣನದೆಂದು ಮುಟ್ಟಿ ನೋಡಲು ಮೇಸ್ತ್ರಿಗೆ ಇನ್ನೇನೂ ಇರಲಿಲ್ಲ.

"ಸದ್ದು ಎಂಜಿನ್ದು ಅತ್ತಿಗೆ, ವಾಲ್ವ್ ಸವೆದಿದೆ. ಎಂಜಿನ್ನೇ ಬದಲಾಯಿಸ್ತೀನಿ. ಇನ್ನೂ ಜೋರಾದ್ದು ಹಾಕ್ಬೇಕು ಅಂತ ಅಣ್ಣಂಗೂ ಆಸೆ ಇತ್ತು."

"ನಿನ್ನ ಕಿವಿ ಬಿಟ್ರೆ ನಿಂಗೆ ಬೇರೆ ದೇವರಿಲ್ಲ."

ಹಳೆಯ ಎಂಜಿನ್ ಚೈನ್ ಪುಲ್ಲಿಯಲ್ಲಿ ಮೇಲೆದ್ದು ತೂಗಾಡಿದಾಗ ಹೆಣ ಎತ್ತಿದ ಹಾಗಿತ್ತು. ಹೊಸದು ಅದರ ದುಪ್ಪಟ್ಟು ಬಲದ್ದು, ಮೈಯೂ ದೊಡ್ಡದು. ಅದನ್ನು ಹೊರುವ ಕಬ್ಬಿಣದ ಪಟ್ಟಿಗಳನ್ನೆಲ್ಲ ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕಾಯಿತು. ಬಾನೆಟ್ ಮುಚ್ಚಲಿಲ್ಲ. ತಗಡು ಉಬ್ಬಿಸಲು ಬಂದ ಟಿಂಕರ್ ನಕ್ಕ.

"ಮೇಸ್ತ್ರಿ, ಇದು ಗುಬ್ಬಚ್ಚಿಗೆ ಪೈಲ್ವಾನನ ಎದೆ ಹೊಲಿದ ಹಾಗಾಯ್ತು."

"ನೀನು ತಗಡು ಬಡಿ, ಬಾಯಿ ಬಡೀಬೇಡ."

ಗೇರ್‌ಬಾಕ್ಸ್ ಮಾತ್ರ ಹಳೆಯದೇ ಉಳಿಯಿತು. ಅಣ್ಣ ಕೈಯಾರೆ ಜೋಡಿಸಿದ್ದನ್ನು ಬಿಚ್ಚಲು ಮೇಸ್ತ್ರಿಗೆ ಮನಸ್ಸು ಬರಲಿಲ್ಲ. ನಡುವೆ ದಪ್ಪನೆಯ ಉಕ್ಕಿನ ತಟ್ಟೆ ಕೊರೆದು ಹೊಸ ಎಂಜಿನ್ನನ್ನು ಅದಕ್ಕೇ ಕೂಡಿಸಿದ.

ಚಾಲೂ ಮಾಡುವಾಗ ಎಂದಿನಂತೆ ಹೊರಗೇ ನಿಂತು, ಕಿಟಕಿಯಿಂದ ಕೈ ಹಾಕಿ ಚಾವಿ ತಿರುಗಿಸಿದ. ಅಣ್ಣ ಹೋದಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಅಣ್ಣ ಕೂತ ಗುಳಿ ಹಾಗೇ ಇತ್ತು. ಎಂಜಿನ್ ಒಮ್ಮೆ ಗರ್ಜಿಸಿ ಸಮಕ್ಕೆ ಬಂತು. ಅದರ ಅಡಿಯಿಂದ, ಮೆಲ್ಲಗೆ, 'ಕರ್ರ್'.

ಟಿಂಕರನ ಸುತ್ತಿಗೆ ನಿಂತಿತು. ಮೇಸ್ತ್ರಿ ತಿರುಗಿ ನೋಡಿದ. ಹಳೆಯ ಎಂಜಿನ್ ಮೂಲೆಯಲ್ಲಿ, ಟೈರಿನ ಮೇಲೆ, ಎಣ್ಣೆಯೆಲ್ಲ ಬಸಿದು ತಣ್ಣಗೆ ಕೂತಿತ್ತು. ಹೊರಗೆ ಗೇಟಿನ ಚಿಲಕ ಸರಿದ ಸದ್ದಾಯಿತು.

ಅತ್ತಿಗೆ ಒಳಗೆ ಬಂದು ಮೂಲೆ ನೋಡಿದರು, ಕಾರು ನೋಡಿದರು.

"ಅದು ಅಲ್ಲಿ ಬಿದ್ದಿದೆ. ಹಾಗಾದ್ರೆ ಇದ್ಯಾರು?"

ಉತ್ತರಕ್ಕೆ ಕಾಯದೆ ಬಾಗಿಲು ತೆಗೆದು ಸೀಟಿನಲ್ಲಿ ಕೂತುಬಿಟ್ಟರು.

"ಅತ್ತಿಗೆ, ಅಲ್ಲಿ ಬೇಡ."

"ಯಾಕೆ? ನನ್ನ ಗಂಡನ ಸೀಟು."

ಅಣ್ಣನೇ ಡ್ರೈವಿಂಗ್ ಕಲಿಸಿದ್ದ ಕಾಲು ತಾನಾಗಿ ಕ್ಲಚ್ ಒತ್ತಿತು. ಸದ್ದು ನಿಂತಿತು. ಕಾಲೆತ್ತಿದರು, ಬಂತು. ಒತ್ತಿದರು, ನಿಂತಿತು.

ಮೇಸ್ತ್ರಿಗೆ ಆಗ ಹೊಳೆಯಿತು. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ಕ್ಲಚ್ ಬಿಟ್ಟಾಗ ಮಾತ್ರ ಅರಚುವಂಥದ್ದು. ಆ ಸೀಟಿಗೆ ಮರ್ಯಾದೆ ಕೊಟ್ಟು ಹೊರಗೇ ನಿಂತವನ ಕಾಲು ಕ್ಲಚ್ಚಿಗೆ ಹೋದದ್ದಾದರೂ ಯಾವಾಗ? ಕೋಪ ಉಕ್ಕಿತು. ಬೈಯಲು ಯಾರೂ ಸಿಗಲಿಲ್ಲ.

"ಗೇಟ್ ಹತ್ರ ನಿಮ್ಮಣ್ಣ ಬೇಕಂತಲೇ ಕಾಲೆತ್ತುತಿದ್ರು, ಅಲ್ವಾ?" ಎಂದರು ಅತ್ತಿಗೆ. "ಹಾರ್ನ್ ಹೊಡೀತಿರಲಿಲ್ಲ. ಒಂದ್ಸಲವೂ."

ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸಿ ಬೇರಿಂಗ್ ಬದಲಾಯಿಸಿದ. ಸದ್ದು ಹೋಯಿತು. ಹಳೆಯ ಬೇರಿಂಗನ್ನು ಗುಜರಿ ಡಬ್ಬಿಗೆ ಎಸೆಯಲು ಹೋದ ಕೈ ಜೇಬಿಗೆ ಹೋಯಿತು.

ಮೊದಲ ಸಲ ಓಡಿಸಿ ನೋಡಲು ಅತ್ತಿಗೆಯೇ ಹೊರಟರು. ಮೇಸ್ತ್ರಿ ಶೆಡ್ಡಿನಲ್ಲಿ ಕಿವಿ ನಿಮಿರಿಸಿ ಕೂತ. ಯಾವುದೋ ಗಾಡಿ ಬಂದು ನಿಂತದ್ದು ಕೇಳಿತು, ಏಳಲಿಲ್ಲ. ಆಮೇಲೆ ಹಾರ್ನ್ ಆಯಿತು. ಹೋಗಿ ನೋಡಿದರೆ ಗೇಟಿನಾಚೆ ಅತ್ತಿಗೆ.

"ಬಂದು ಎಷ್ಟೊತ್ತಾಯ್ತು. ಕಿವಿ ಮೇಸ್ತ್ರಿಯಂತೆ."

"ಯಾರದೋ ಗಾಡಿ ಅಂದ್ಕೊಂಡೆ ಅತ್ತಿಗೆ."

ಗೇಟು ತೆಗೆದ. ಅತ್ತಿಗೆ ಕಾರು ಒಳಗೆ ತರಲಿಲ್ಲ.

"ಇನ್ನು ಅವರೇ ಬಂದ್ರೂ ನಂಗೆ ಗೊತ್ತಾಗಲ್ಲ," ಎಂದರು.

ಮೇಸ್ತ್ರಿ ಕಾರಿನ ಹತ್ತಿರ ಬಂದ. ಜೇಬಿನಿಂದ ಬೇರಿಂಗ್ ತೆಗೆದು, ಕಿಟಕಿಯ ಹತ್ತಿರ ಹಿಡಿದು, ಬೆರಳಿನಿಂದ ತಿರುಗಿಸಿದ. ಮೆಲ್ಲಗೆ, 'ಕರ್ರ್'.

ಅತ್ತಿಗೆ ಚಾವಿ ತಿರುಗಿಸಿ ಹೊಸ ಎಂಜಿನ್ ಆರಿಸಿದರು, ಸರಿಯಾಗಿ ಕೇಳಲಿ ಎಂದು.