ಫಳ್ನೀರಿನ ಗೋಡೆ ಮೇಲಿನ ನಾಯಿ

ನನ್ನ ಅಮ್ಮ ರೊಸಾಲಿನ್ ಬಾಯಿ ಫಳ್ನೀರಿನಲ್ಲಿ ಹೊಲಿಗೆ ಮಾಡಿ ನನ್ನನ್ನು ಸಾಕಿದವಳು. ನಾನು ತೊಟ್ಟಿಲಲ್ಲಿರುವಾಗಲೇ ಅಪ್ಪ ತೀರಿಹೋಗಿದ್ದ. ಅಮ್ಮನ ಹೊಲಿಗೆಗೆ ಊರಲ್ಲಿ ಹೆಸರಿತ್ತು, ನಾಲಿಗೆಗೆ ಅದಕ್ಕಿಂತ ಹೆಚ್ಚು. ಮದುಮಗಳು ರವಿಕೆ ಹೊಲಿಸಲು ಬಂದರೆ, ಅಳತೆ ಹಿಡಿಯುತ್ತಲೇ "ಈ ಬಣ್ಣ ನಿನಗೆ ಆಗುದಿಲ್ಲ, ಜ್ವರ ಬಂದವಳ ಹಾಗೆ ಕಾಣ್ತಿ" ಎನ್ನುತ್ತಿದ್ದಳು. ಹೇಳಿದ ಮಾತನ್ನು ಅವಳು ಹಿಂದೆ ತೆಗೆದುಕೊಂಡದ್ದನ್ನು ನಾನು ಕಂಡವಳಲ್ಲ. ಅಂಥವಳ ಬಾಯಿಂದ ಒಮ್ಮೆ ಸುಳ್ಳು ಹೊರಡಿಸಿದರು. ನನ್ನ ಮದುವೆಗೋಸ್ಕರ.

೧೯೫೬ರ ನವರಾತ್ರಿ. ನಮ್ಮ ಕಡೆ ನವರಾತ್ರಿ ಎಂದರೆ ಹುಲಿವೇಷ. ಗಂಡಸರು ಮೈಗೆಲ್ಲ ಬಣ್ಣ ಬಳಿದುಕೊಂಡು ಪಟ್ಟೆಹುಲಿ, ಚಿರತೆ, ಕರಿಹುಲಿ ಆಗಿ, ತಾಸೆ ಬಡಿಸಿಕೊಂಡು ಮನೆಮನೆಗೆ ಬಂದು ಕುಣಿಯುತ್ತಾರೆ. ಹರಕೆ ಹಿಂದೂಗಳದು, ನೋಡುವ ಚಟ ಎಲ್ಲರದು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಜಯನದ್ದೊಂದು ತಂಡವಿತ್ತು. ಅವರ ಚಡ್ಡಿಗಳನ್ನು ಹೊಲಿಯುತ್ತಿದ್ದವಳು ಅಮ್ಮ. ಪಾದ್ರಿಗಳ ನಿಲುವಂಗಿಯೂ ಹುಲಿಗಳ ಚಡ್ಡಿಯೂ ಒಂದೇ ಮೆಷಿನ್ನಿನಲ್ಲಿ ತಯಾರಾಗುತ್ತಿದ್ದವು. ಪಾದ್ರಿಗಳಿಗೂ ಗೊತ್ತಿತ್ತು, ಹುಲಿಗಳಿಗೂ ಗೊತ್ತಿತ್ತು, ಯಾರದೂ ತಕರಾರಿರಲಿಲ್ಲ.

ಒಂದು ಸಂಜೆ, ಇಗರ್ಜಿಯ ಗಂಟೆ ಹೊಡೆಯುವ ಹೊತ್ತಿಗೆ, ಅಮ್ಮ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ಕಂಪೌಂಡು ಗೋಡೆಯ ಮೇಲೆ ಒಂದು ಚಿರತೆ ವೇಷ ಕವುಚಿ ಮಲಗಿತ್ತು. ತಾಸೆಯಿಲ್ಲ, ಜೊತೆಗೆ ಜನವಿಲ್ಲ. ಕುಡಿದು ದಾರಿ ತಪ್ಪಿದವನಿರಬೇಕು ಎಂದುಕೊಂಡಳು. ಆಮೇಲೆ ಅವಳ ಕಣ್ಣು ಅದರ ಸೊಂಟಕ್ಕೆ ಹೋಯಿತು. ಅವಳು ಹೊಲಿದ ಚಡ್ಡಿ ಇರಲಿಲ್ಲ. ಬೇರೆ ಯಾರೂ ಹೊಲಿದದ್ದೂ ಇರಲಿಲ್ಲ.

"ಥೂ, ಮಾನಗೆಟ್ಟವನೇ! ಹೆಂಗಸರಿರುವ ಮನೆ ಇದು. ಚಡ್ಡಿ ಎಲ್ಲಿ ಬಿಟ್ಟು ಬಂದೆ? ಇಳಿ ಕೆಳಗೆ! ಜಯನಿಗೆ ಹೇಳ್ತೇನೆ ನಾನು!"

ಒಳಗಿದ್ದ ನನಗೆ ಅಷ್ಟೂ ಕೇಳಿಸಿತು. ಅದು ತಲೆ ತಿರುಗಿಸಿ ಅಮ್ಮನನ್ನು ನೋಡಿತಂತೆ, ಆಕಳಿಸಿತಂತೆ, ಎದ್ದು ಪಕ್ಕದ ಗೇರುಮರಕ್ಕೆ ಹಾರಿ ಹೋಯಿತಂತೆ. ನಾನು ಓಡಿಹೋಗುವಷ್ಟರಲ್ಲಿ ಗೋಡೆ ಖಾಲಿ. ಅಮ್ಮ ಬಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದಳು.

"ಎಸ್ತೆರ್," ಎಂದಳು, "ಅದರ ಬಾಲ ತನ್ನಷ್ಟಕ್ಕೇ ಆಡ್ತಿತ್ತು."

ಮರುದಿನ ಬೆಳಿಗ್ಗೆಯೇ ಜಯನನ್ನು ಹಿಡಿದು ವಿಚಾರಿಸಿದಳು. ಅವನಿಗೆ ಬೇಸರವಾಯಿತು. "ಎಂತ ಬಾಯಮ್ಮ ನೀವು! ನಮ್ಮ ಹುಲಿ ತಾಸೆ ಇಲ್ಲದೆ ರಸ್ತೆಗೆ ಇಳಿಯುದುಂಟಾ? ಮನೆವರೆಗೆ ಬಂದು ಕಾಣಿಕೆ ಕೇಳದೆ ಹೋಗುದುಂಟಾ? ಅದು ನಮ್ಮವ ಅಲ್ಲವೇ ಅಲ್ಲ."

ಅಮ್ಮನಿಗೆ ಅಷ್ಟು ಸಾಕಾಯಿತು. ಚಿರತೆ ಬಂದಿದೆ, ಮುಸ್ಸಂಜೆಗೆ ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಬೀದಿಗೆಲ್ಲ ಹೇಳಿದಳು. ಜನ ನಂಬಬೇಕಲ್ಲ! ಆಸ್ಪತ್ರೆ, ಇಗರ್ಜಿ, ಬಸ್ಸು ಎಲ್ಲ ಇರುವ ಕಡೆ ಚಿರತೆಗೇನು ಕೆಲಸ ಎಂದರು. ಅರ್ಧ ಜನ ಅಮ್ಮನಿಗೆ ತಲೆ ಕೆಟ್ಟಿದೆ ಎಂದರು. ಉಳಿದ ಅರ್ಧ, ತಲೆ ಸರಿಯಾಗಿಯೇ ಇದೆ, ವಿಧವೆಯ ಗೋಡೆ ಮೇಲೆ ಚಡ್ಡಿಯಿಲ್ಲದ ಗಂಡಸು ಇದ್ದದ್ದು ನಿಜ, ಚಿರತೆ ಎಂದು ಮುಚ್ಚಿಹಾಕುತ್ತಿದ್ದಾಳೆ ಎಂದರು. ಇವರ ಬಾಯಿಗಿಷ್ಟು ಮಣ್ಣು ಹಾಕ!

ಆಗ ನನಗೆ ವಾಮಂಜೂರಿನ ನೊರ್ಬರ್ಟನ ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅವನಿಗೆ ಹಂಪನಕಟ್ಟೆಯ ಚಪ್ಪಲಿ ಅಂಗಡಿಯಲ್ಲಿ ಕೆಲಸ. ನನ್ನ ಪಾದದ ಅಳತೆ ತೆಗೆಯುವಾಗ ಮುಖವನ್ನೇ ನೋಡುತ್ತ ಕೂತು ತಪ್ಪು ಜೋಡಿ ಕೊಟ್ಟವನು. ನನಗೆ ಅವನೇ ಬೇಕಿತ್ತು, ಬೇರೆ ಯಾರೂ ಬೇಡವಾಗಿತ್ತು. ಸುದ್ದಿ ಅವನ ಅಪ್ಪ ಝೇವಿಯರ್ ಅವರ ಕಿವಿಗೂ ಬಿತ್ತು. ಅವರು ಬೇಸಾಯಗಾರರು, ಇಗರ್ಜಿಯಲ್ಲಿ ತಮ್ಮ ವಾಳೆಯ ಗುರಿಕಾರರು, ಅಂದರೆ ಕೇರಿಯ ಮುಖಂಡರು, ಮರ್ಯಾದೆಯ ವಿಷಯದಲ್ಲಿ ಬಲು ಬಿಗಿ. ಒಂದು ಶನಿವಾರ ಸಂಜೆ ಕೊಡೆ ಹಿಡಿದು ಒಬ್ಬರೇ ಬಂದರು.

"ರೊಸಾಲಿನ್ ಬಾಯಿ, ನಮ್ಮ ವಾಮಂಜೂರಿನ ಗುಡ್ಡದಲ್ಲೇ ಚಿರತೆ ಇಲ್ಲ ಮಾರಾಯ್ರೆ. ನಿಮ್ಮ ಫಳ್ನೀರಿಗೆ ಎಲ್ಲಿಂದ ಬರುದು?"

"ಅದು ನನ್ನ ಹತ್ರ ಹೇಳಿ ಬರ್ಲಿಲ್ಲ."

"ನೋಡಿ, ಚಿರತೆ ಅಂದ್ರೆ ಜನ ನಿಮಗೆ ಹುಚ್ಚು ಅಂತಾರೆ. ಗಂಡಸು ಅಂದ್ರೆ ಕೇಳುದೇ ಬೇಡ. ನಾಯಿ ಅಂತ ಹೇಳಿಬಿಡಿ, ದೊಡ್ಡ ನಾಯಿ. ಇನ್ನು ಯಾವತ್ತೂ ಚಿರತೆ ಅನ್ನುದಿಲ್ಲ ಅಂತ ನನಗೆ ಮಾತು ಕೊಡಿ. ಬರುವ ವಾರವೇ ಇಗರ್ಜಿಯಲ್ಲಿ ಹೆಸರು ಓದಿಸಿ ಮದುವೆ ಕೂಗಿಸ್ತೇನೆ. ಇಲ್ಲದಿದ್ರೆ ಈ ಸಂಬಂಧ ಬೇಡ."

ಅಮ್ಮ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ, "ನಾಯಿ" ಎಂದಳು.

"ಮಾತು?"

"ಕೊಟ್ಟೆ."

ಹಾಗೆಂದವಳೇ ಮೆಷಿನ್ನಿನ ಮುಂದೆ ಕುಳಿತು ಹೊಲಿಯತೊಡಗಿದಳು. ಸೂಜಿಗೆ ನೂಲು ಹಾಕಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಮನುಷ್ಯನ ಕೊಡೆ ಕಿತ್ತು ಮುರಿದುಹಾಕುವಷ್ಟು ಸಿಟ್ಟೂ ಬಂತು.

ಝೇವಿಯರ್ ಚಾ ಕುಡಿದು ಹೊರಟರು. ಗೇಟಿನವರೆಗೂ ಹೋಗಿರಲಿಕ್ಕಿಲ್ಲ, ತಿರುಗಿ ಬಂದರು. ಬಾಗಿಲು ಹಾಕಿ, ಚಿಲಕ ತಾವೇ ಜಡಿದು, ಬಿಟ್ಟುಹೋದ ಕುರ್ಚಿಯಲ್ಲೇ ಮತ್ತೆ ಕುಳಿತರು. ಕೊಡೆ ಕೈಯಲ್ಲಿರಲಿಲ್ಲ.

"ಎಂತ ಆಯಿತು ಝೇವಿಯರಾಬ್?" ಮರ್ಯಾದೆಯ 'ಆಬ್' ಬಿಡದೆ ಅಮ್ಮ ಕೇಳಿದಳು.

"ಎಂತ ಇಲ್ಲ. ಇನ್ನೊಂದು ಚಾ ಉಂಟಾ?"

ಅಮ್ಮ ಚಾ ತಂದಿಟ್ಟಳು. "ಹೊರಗೆ ನಾಯಿ ಉಂಟಾ?"

"ಹೌದು," ಎಂದರು ಅವರು. "ನಾಯಿ."

"ದೊಡ್ಡದಾ?"

"ಸಾಧಾರಣ."

ನೊರ್ಬರ್ಟ್ ಅಂಗಡಿ ಮುಚ್ಚಿ ಅಪ್ಪನನ್ನು ಹುಡುಕಿಕೊಂಡು ಬರುವವರೆಗೂ ಅವರು ಕುರ್ಚಿ ಬಿಟ್ಟೇಳಲಿಲ್ಲ. ಆಮೇಲೆ ನಮ್ಮ ಲಾಟೀನು ಕೇಳಿ ಪಡೆದು, ಮಗನನ್ನು ಗೋಡೆಯ ಬದಿಗೆ ಹಾಕಿಕೊಂಡು ನಡೆದರು. ಕೊಡೆ ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಿತು.

ಮದುವೆಯಾಯಿತು. ಅಮ್ಮ ಕೊಟ್ಟ ಮಾತಿನಂತೆ ನಡೆದಳು. ಆದರೆ ಊರು ಬಿಡಬೇಕಲ್ಲ! ಯಾವ ಮನೆಯ ಊಟಕ್ಕೆ ಹೋದರೂ ಅಮ್ಮನಿಗೆ ಚಿರತೆಯ ಕುರಿತು ಒಂದು ಚೇಷ್ಟೆಯ ಪ್ರಶ್ನೆ ಕಾದಿರುತ್ತಿತ್ತು. ಹೊಲಿಗೆಗೆ ಬರುವವರೂ ಕಡಿಮೆಯಾದರು. ಅಮ್ಮ ತುಟಿಪಿಟಕ್ಕೆನ್ನದೆ ಉಂಡು ಬರುತ್ತಿದ್ದಳು. ಅವಳು ಹಾಗೆ ಬಾಯಿ ಮುಚ್ಚಿ ಕೂತದ್ದನ್ನು ನೋಡಲಾಗದೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

೧೯೫೮ರಲ್ಲಿ ನನ್ನ ಮಗಳ ನಾಮಕರಣದ ಊಟ, ವಾಮಂಜೂರಿನ ನಮ್ಮ ಮನೆಯಲ್ಲಿ. ಎರಡು ಗ್ಲಾಸು ಏರಿಸಿದ್ದ ನೊರ್ಬರ್ಟನ ಚಿಕ್ಕಪ್ಪ ಪೌಲ್ ಎಲ್ಲರ ಮುಂದೆ ಕೂಗಿದರು. "ರೊಸಾಲಿನ್ ಬಾಯಿ, ಇವತ್ತು ದಾರಿಯಲ್ಲಿ ಎಂತ ಸಿಕ್ಕಿತು? ಆನೆಯಾ?"

ಚಪ್ಪರವಿಡೀ ನಕ್ಕಿತು. ಮಾವ ಝೇವಿಯರ್ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟು ಎದ್ದು ನಿಂತರು.

"ಸಾಕು ಮಾಡು ಪೌಲ್. ಅದು ಚಿರತೆಯೇ. ನಾನೂ ಕಂಡಿದ್ದೇನೆ, ಅದೇ ಗೋಡೆ ಮೇಲೆ. ಹೆದರಿ ಇವರ ಮನೆಯೊಳಗೆ ಕೂತಿದ್ದೆ. ನಾಯಿ ಅಂತ ಹೇಳಿಸಿದ್ದು ನಾನು." ಅಮ್ಮನ ಕಡೆ ತಿರುಗಿದರು. "ಹೇಳಿ ರೊಸಾಲಿನ್ ಬಾಯಿ. ಎಲ್ಲರೂ ಕೇಳಲಿ."

ಚಪ್ಪರವೆಲ್ಲ ಅಮ್ಮನ ಕಡೆ ತಿರುಗಿತು. ಹೇಳಮ್ಮ, ಹೇಳು ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಅಮ್ಮ ಎಲೆಯ ಮೇಲಿನ ಸಣ್ಣ ಮೂಳೆಯೊಂದನ್ನು ಬದಿಗಿಟ್ಟಳು.

"ಅದು ನಾಯಿ, ಝೇವಿಯರಾಬ್," ಎಂದಳು. "ನಾನು ಮಾತು ಕೊಟ್ಟಿದ್ದೇನೆ."

ಆಮೇಲಿನ ನಗುವಿಗೆ ತೊಟ್ಟಿಲಲ್ಲಿದ್ದ ಮಗು ಎದ್ದು ಅತ್ತಿತು. ಪಾಪ, ಗುರಿಕಾರರಿಗೆ ಇವತ್ತು ಸ್ವಲ್ಪ ಹೆಚ್ಚಾಗಿದೆ ಎಂದು ಪೌಲ್ ಅಣ್ಣನನ್ನು ಹಿಡಿದು ಕೂರಿಸಿದರು. ಆನೆಯ ಪ್ರಶ್ನೆ ಅಂದಿನಿಂದ ಮಾವನಿಗೆ ವರ್ಗವಾಯಿತು, ಅವರು ಸಾಯುವವರೆಗೂ ಅವರ ಹತ್ತಿರವೇ ಉಳಿಯಿತು.

ಸಂಜೆ ಅಮ್ಮನನ್ನು ಬಸ್ಸು ಹತ್ತಿಸಲು ನಾನೂ ಮಾವನೂ ಹೋದೆವು. ಬಸ್ಸು ಬಂದು ನಿಂತಾಗ ಮಾವ ಸಣ್ಣ ದನಿಯಲ್ಲಿ ಕೇಳಿದರು. "ಬಾಯಿ, ನಾನು ಕಂಡದ್ದು, ನೀವು ಕಂಡದ್ದು, ಎರಡೂ ಒಂದೇ ಅಲ್ವಾ?"

ಅಮ್ಮ ಮೆಟ್ಟಿಲ ಮೇಲೆ ಕಾಲಿಟ್ಟವಳು ಹಿಂತಿರುಗಿದಳು.

"ಚಡ್ಡಿ ಇತ್ತಾ?"

"ಇರ್ಲಿಲ್ಲ."

"ಹಾಗಾದ್ರೆ ಅದೇ," ಎಂದು ಹೇಳಿ ಬಸ್ಸು ಹತ್ತಿದಳು.