ಅನಾಥವೆಂದು ಬರೆದ ಎರಡು ಸಾಲು

ಲೊರೇನ್ ಹಿಂಡಲ್ ಬಗ್ಗೆ ಹೇಳಲು ಕಾರಣ ಒಂದೇ. ಊರಿಗೂರೇ ‘ಗೆದ್ದೆಯಲ್ಲ, ಇನ್ನು ಸುಮ್ಮನಿರು’ ಎಂದಾಗ ಆಕೆ ಸುಮ್ಮನಿರಲಿಲ್ಲ. ತಾನು ಸುಳ್ಳು ಹೇಳಿಲ್ಲವೆಂದು, ಸುಳ್ಳು ಎಂದವರೇ ಬರೆದುಕೊಡಬೇಕು, ಅಷ್ಟೇ ಆಕೆಯ ಹಟ. ಅಂಥ ಹಟ ಹಿಡಿದವರು ಆಕೆಯ ಊರಾದ ಅಕ್ರಿಂಗ್ಟನ್ನಿನಲ್ಲಿ ಹೆಚ್ಚು ಜನ ಇಲ್ಲ. ಇದ್ದರೂ ಕೊನೆತನಕ ಹೋದವರು ಕಡಿಮೆ.

ಲೊರೇನ್‌ಗೆ ಅರವತ್ತೊಂದು. ಶಾಲೆಯ ಮುಂದೆ ಮಕ್ಕಳಿಗೆ ರಸ್ತೆ ದಾಟಿಸುವುದು ಕೆಲಸ. ಮೊಣಕಾಲಿನವರೆಗೆ ಬರುವ ಹಳದಿ ಕೋಟು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡನೆಯ ಹಲಗೆ. ಮಕ್ಕಳು ಅದಕ್ಕೆ ಲಾಲಿಪಾಪ್ ಎನ್ನುತ್ತಾರೆ. ಬೆಳಿಗ್ಗೆ ಎಂಟೂಕಾಲಿಗೆ ನಿಂತರೆ ಒಂಬತ್ತರ ಹೊತ್ತಿಗೆ ಮುಗಿಯುತ್ತದೆ. ಮಧ್ಯಾಹ್ನ ಮೂರರಿಂದ ಮತ್ತೆ ಅರ್ಧ ಗಂಟೆ. ನಡುವೆ ಗುಡ್ಡದ ಮೇಲಿನ ಮನೆಗೆ ಹೋಗಿ ಬರುತ್ತಾಳೆ. ಮಂಡಿ ನೋವು, ಅದಕ್ಕೇ ಕಾರು. ಶಾಲೆಯ ಹಿಂದಿನ ಅಂಗಡಿಸಾಲಿನ ಮುಂದೆ ಎರಡು ಗಂಟೆ ಪುಕ್ಕಟೆ ನಿಲ್ಲಿಸಬಹುದು. ಒಂಬತ್ತು ವರ್ಷ ಅಲ್ಲೇ ನಿಲ್ಲಿಸಿದ್ದಳು.

ಹತ್ತನೆಯ ವರ್ಷ ಆ ಜಾಗವನ್ನು ಒಂದು ಪಾರ್ಕಿಂಗ್ ಕಂಪನಿ ವಹಿಸಿಕೊಂಡು ಕಂಬಕ್ಕೆ ಕ್ಯಾಮೆರಾ ಹಾಕಿಸಿತು. ನವೆಂಬರಿನ ಒಂದು ಮಳೆದಿನ ಕ್ಯಾಮೆರಾ ಆಕೆಯ ಕಾರು ಬೆಳಿಗ್ಗೆ ಒಳಬಂದದ್ದನ್ನು ಹಿಡಿಯಿತು, ಮಧ್ಯಾಹ್ನ ಹೊರಹೋದದ್ದನ್ನು ಹಿಡಿಯಿತು. ಎರಡನ್ನೂ ಸೇರಿಸಿ ಕಾರು ಏಳೂವರೆ ಗಂಟೆ ಅಲ್ಲೇ ಇತ್ತು ಎಂದು ಕಂಪನಿ ದಂಡ ಹಾಕಿತು. ‘ನಡುವೆ ಮನೆಗೆ ಹೋಗಿದ್ದೆ’ ಎಂದು ಲೊರೇನ್ ಬರೆದಳು. ಒಪ್ಪಲಿಲ್ಲ. ವಸೂಲಿಯವರ ಕಾಗದ ಬಂತು, ವಕೀಲರ ಕಾಗದ ಬಂತು, ಕೊನೆಗೆ ಮರುವರ್ಷ ಕೋರ್ಟಿನದೂ ಬಂತು. ಕೋರ್ಟಿಗೆ ಕಂಪನಿ ಕೊಟ್ಟ ಹೇಳಿಕೆಯಲ್ಲಿ ಒಂದು ಮಾತಿತ್ತು: ‘ಪ್ರತಿವಾದಿ ಹೇಳುತ್ತಿರುವುದು ಸುಳ್ಳು. ವಾಹನ ಜಾಗ ಬಿಟ್ಟು ಕದಲಿಲ್ಲ.’

ಆ ಮಾತು ಲೊರೇನ್‌ಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ನ್ಯಾಯಾಧೀಶರ ಮುಂದೆ ನಿಂತು ಉತ್ತರ ಕೊಡಬೇಕೆಂದು ರಜೆ ಕೇಳಿದಳು. ಆ ದಿನಕ್ಕೆ ಕೋಲು ಹಿಡಿಯಲು ಶಾಲೆಯವರು ಬೇರೆಯವರನ್ನು ಗೊತ್ತುಮಾಡಿದರು. ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಳು. ವಿಚಾರಣೆಗೆ ಒಂದು ದಿನ ಮುಂಚೆ ಅಂಚೆಯಲ್ಲಿ ಒಂದು ಹಾಳೆ ಬಂತು. ದಾವೆ ಕೈಬಿಡಲಾಗಿದೆ. ಕಾರಣ ಬರೆದಿರಲಿಲ್ಲ.

ಶಾಲೆಯ ಅಡುಗೆಮನೆಯ ಪಾಲೀನ್ ರಿಷ್ಟನ್ ಹಾಳೆ ಓದಿ ಸೌಟು ಎತ್ತಿ ಕುಣಿದಳು.

“ಗೆದ್ದೆ ಕಣೇ! ಹೆದರಿ ಓಡೋದ್ರು ಮುಂಡೇವು! ಯಾಕೇ, ಮುಖ ಹಂಗಿಟ್ಕೊಂಡಿದೀಯ?”

“ಗೆದ್ದೆ ಅಂತ ಎಲ್ಲಿ ಬರ್ದಿದೆ? ತೋರ್ಸು.”

“ಇಲ್ಲಿ. ಕೈಬಿಡಲಾಗಿದೆ ಅಂತ ಇಲ್ವಾ?”

“ಕೈಬಿಡಲಾಗಿದೆ. ಅಷ್ಟೇ ಇರೋದು.”

“ಅಷ್ಟು ಸಾಲ್ದಾ? ಬ್ಯಾಂಡು ಕಳಿಸ್ಬೇಕಿತ್ತಾ ನಿನ್ ಮನೆಗೆ?”

ಈ ಕೆಲಸಕ್ಕೆ ಬರುವ ಮೊದಲು ಲೊರೇನ್ ಇಪ್ಪತ್ತೆರಡು ವರ್ಷ ಮಾರ್ಕೆಟ್ಟಿನ ಉಣ್ಣೆನೂಲಿನ ಅಂಗಡಿಯಲ್ಲಿದ್ದಳು. ಕೈಬಿಡಲಾಗಿದೆ ಎಂಬ ಮಾತು ಅಲ್ಲಿ ದಿನಾ ಕಿವಿಗೆ ಬೀಳುತ್ತಿತ್ತು. ಗಿರಣಿಯವರು ಒಂದು ಬಣ್ಣ ಕೈಬಿಟ್ಟರೆಂದರೆ ಇನ್ನು ಮುಂದೆ ಅದನ್ನು ಮಾಡುವುದಿಲ್ಲ ಎಂದಷ್ಟೇ ಅರ್ಥ. ಮಾಡಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ. ಡ್ರಾಯರಿನಲ್ಲಿ, ಅಟ್ಟದಲ್ಲಿ, ಬೇರೆ ಊರಿನ ಅಂಗಡಿಗಳಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ.

“ದಾವೆ ಬಿಟ್ರು,” ಎಂದಳು ಲೊರೇನ್. “ನನ್ನನ್ನ ಸುಳ್ಳಿ ಅಂತ ಬರ್ದಿದ್ದು ಅವ್ರ ಡ್ರಾಯರಲ್ಲೇ ಐತೆ. ಅವ್ರದ್ದಷ್ಟೇ ಅಲ್ಲ, ಇನ್ನೆಷ್ಟು ಜನ್ರ ಡ್ರಾಯರಲ್ಲೋ.”

“ಇದ್ರೆ ಇರ್ಲಿ ಬಿಡೇ. ಯಾರು ತೆಗ್ದು ಓದ್ತಾರೆ?”

ಲೊರೇನ್ ಕೋಟು ಹಾಕಿಕೊಂಡಳು. ಮಕ್ಕಳು ಬಿಡುವ ಹೊತ್ತಾಗಿತ್ತು.

ಮಂಗಳವಾರ ಲೈಬ್ರರಿಗೆ ಹೋದಳು. ಅಲ್ಲಿ ಒಂದು ಮೇಜಿಟ್ಟುಕೊಂಡು ಸಲೀಮ್ ಭಟ್ಟಿ ಕೂರುತ್ತಾರೆ. ನಿವೃತ್ತ ಬಸ್ ಡ್ರೈವರು. ಡ್ರೈವರುಗಳ ಸಂಘದಲ್ಲಿದ್ದು ಕಾಗದಪತ್ರ ಓದುವುದು ಕಲಿತವರು. ಈಗ ಊರವರ ಕಾಗದ ಓದಿ ದಾರಿ ಹೇಳುತ್ತಾರೆ.

“ಬನ್ನಿ ಬನ್ನಿ. ಮೂವತ್ತು ವರ್ಷ ಬಸ್ ಓಡ್ಸಿದೀನಿ, ನಿಮ್ಮ ಕೋಲಿಗೆ ಹೆದರಿದಷ್ಟು ಪೊಲೀಸ್ರಿಗೂ ಹೆದರಿಲ್ಲ.”

“ಒಂದ್ಸಲ ಗೆರೆ ದಾಟಿದ್ರಿ ನೀವು.”

“ಬ್ರೇಕು ಸರಿ ಇರ್ಲಿಲ್ಲಮ್ಮಾ.”

“ಪ್ರತಿ ಸಲ ಅದನ್ನೇ ಹೇಳ್ತೀರಿ.”

ಸಲೀಮ್ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು. “ನೋಡಿ, ಇದೇ ವಿಷಯಕ್ಕೆ ಮತ್ತೆ ಕೋರ್ಟಿಗೆ ಹೋಗ್ಬೇಕಂದ್ರೆ ಅವ್ರು ಕೋರ್ಟಿನ ಒಪ್ಪಿಗೆ ಕೇಳ್ಬೇಕು. ಅದು ಸುಲಭ ಅಲ್ಲ. ನಿಮ್ಗೆ ದಾರಿ ಮೂರಿದೆ. ಅವ್ರ ನಡವಳಿಕೆ ಸರಿಯಿರ್ಲಿಲ್ಲ ಅಂತ ಖರ್ಚು ಕೇಳ್ಬಹುದು. ಇಂಥ ಸಣ್ಣ ದಾವೇಲಿ ಅದು ಸಿಗೋದು ಕಷ್ಟ. ಹೆಸ್ರು ವಿಳಾಸ ತಪ್ಪಾಗಿ ಬಳಸಿ ಮನಸ್ಸಿಗೆ ನೋವು ಮಾಡಿದ್ರಿ ಅಂತ ನೀವೇ ದಾವೆ ಹೂಡ್ಬಹುದು. ಅದ್ರಲ್ಲಿ ಸೋಲೂ ಉಂಟು. ಮೂರನೇದು, ನಿಮ್ಮ ಬಗ್ಗೆ ಅವ್ರ ಹತ್ರ ಇರೋದನ್ನ ನೋಡೋ ಹಕ್ಕು. ತಪ್ಪಿದ್ರೆ ತಿದ್ಸೋ ಹಕ್ಕು. ಬೇಡ ಅಂದ್ರೆ ಅಳಿಸಿ ಅಂತ ಕೇಳೋ ಹಕ್ಕು.”

“ಮೊದ್ಲು ನೋಡ್ಬೇಕು.”

“ಹಂಗಾದ್ರೆ ಒಂದು ಕಾಗ್ದ ಸಾಕು. ಏನೇನಿಟ್ಕೊಂಡಿದೀರಿ, ಯಾರ್ಯಾರಿಗೆ ಕೊಟ್ರಿ, ಎಲ್ಲಾ ಕಳಿಸಿ ಅಂತ. ತಿಂಗಳೊಳಗೆ ಕೊಡ್ಬೇಕು, ಕಾಸು ಕೇಳಂಗಿಲ್ಲ.”

ಇಪ್ಪತ್ತೊಂಬತ್ತನೇ ದಿನ ದಪ್ಪ ಲಕೋಟೆ ಬಂತು. ನಲವತ್ತೊಂದು ಹಾಳೆ. ಆಕೆಯ ಹೆಸರು, ವಿಳಾಸ ಎರಡು ವಸೂಲಿ ಕಂಪನಿಗಳಿಗೂ ಒಂದು ವಕೀಲರ ಕಚೇರಿಗೂ ಹೋಗಿತ್ತು. ಮೂರು ಕಡೆಗೂ ಅದೇ ಒಕ್ಕಣೆ: ದಿನವಿಡೀ ನಿಲ್ಲಿಸಿದ್ದಾರೆ, ಒಪ್ಪಿಕೊಳ್ಳುತ್ತಿಲ್ಲ. ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಪಾಲೀನ್‌ಳನ್ನೂ ಕೂರಿಸಿಕೊಂಡು ಓದಿದಳು. ಮೂವತ್ತಮೂರನೇ ಹಾಳೆಯಲ್ಲಿ ಕ್ಯಾಮೆರಾದ ಪಟ್ಟಿ ಇತ್ತು. ಪಟ್ಟಿಯಲ್ಲಿ ನಾಲ್ಕು ಸಾಲು.

ಎಂಟು ಗಂಟೆ ಏಳು ನಿಮಿಷ, ಒಳಗೆ. ಒಂಬತ್ತು ಗಂಟೆ ನಾಲ್ಕು ನಿಮಿಷ, ಹೊರಗೆ. ಎರಡು ಗಂಟೆ ನಲವತ್ತಾರು ನಿಮಿಷ, ಒಳಗೆ. ಮೂರು ಗಂಟೆ ಮೂವತ್ತೊಂಬತ್ತು ನಿಮಿಷ, ಹೊರಗೆ.

ನಡುವಿನ ಎರಡು ಸಾಲಿನ ಮುಂದೆ ‘ಅನಾಥ’ ಎಂದು ಬರೆದಿತ್ತು. ಫೋಟೊ ಮಸುಕಾಗಿ ಯಂತ್ರಕ್ಕೆ ಒಳಗೆ-ಹೊರಗೆ ಜೋಡಿ ಕೂಡಿಸಲು ಆಗದಿದ್ದರೆ ಕ್ಯಾಮೆರಾದವರು ಹಾಗೆ ಬರೆದು ಪಕ್ಕಕ್ಕಿಡುತ್ತಾರೆ. ಯಾರೂ ಮತ್ತೆ ನೋಡಿರಲಿಲ್ಲ.

ಪಾಲೀನ್ ಕುರ್ಚಿಯಿಂದ ಎದ್ದೇ ಬಿಟ್ಟಳು. “ಅಯ್ಯೋ ಅವ್ರ ಮನೆ ಹಾಳಾಗ! ಮೊದಲ್ನಿಂದ ಅವ್ರ ಹತ್ರಾನೇ ಇತ್ತಲ್ಲೇ!”

ಲೊರೇನ್ ಒಂಬತ್ತು ನಾಲ್ಕು ಎಂಬಲ್ಲಿ ಬೆರಳಿಟ್ಟಳು, ಆಮೇಲೆ ಪೆನ್ನು ತೆಗೆದುಕೊಂಡು ಕಂಪನಿಗೆ ಬರೆಯಲು ಕೂತಳು.

ಪಟ್ಟಿಯನ್ನು ತೋರಿಸಿ ಬರೆದ ಮೇಲೆ ಕಂಪನಿಯ ಉತ್ತರ ಒಂದೇ ವಾರದಲ್ಲಿ ಬಂತು. ಬಹಳ ಮೆತ್ತಗಿತ್ತು. ‘ತಮ್ಮ ಮೇಲಿನ ಗೌರವದಿಂದ ತಮಗೆ ಸಂಬಂಧಿಸಿದ ಎಲ್ಲವನ್ನೂ ಅಳಿಸಿಹಾಕುತ್ತೇವೆ, ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿ.’

“ಹಾಕೇ ಸಹಿ,” ಎಂದಳು ಪಾಲೀನ್. “ಪೆನ್ನು ಬೇಕಾ?”

“ಹಾಕಲ್ಲ.”

“ನಿನ್ಗೆ ಹುಚ್ಚಾ? ಡ್ರಾಯರು ಡ್ರಾಯರು ಅಂತ ಪ್ರಾಣ ತಿಂದೆ. ಈಗ ಖಾಲಿ ಮಾಡ್ತೀವಿ ಅಂದ್ರೆ ಬೇಡ್ವಾ?”

“ಅವ್ರದ್ದು ಖಾಲಿ ಆಗತ್ತೆ. ಉಳಿದ ಮೂರು ಕಡೆ ನಾನು ಸುಳ್ಳೀನೇ. ಈ ನಾಲ್ಕು ಸಾಲು ಅಳಿಸಿದ್ರೆ, ಸುಳ್ಳಿ ಅಲ್ಲ ಅಂತ ಹೇಳೋಕೆ ಕಂಪನಿ ಹತ್ರ ಏನಿರತ್ತೆ?”

ಸಲೀಮ್ ಇದನ್ನು ಕೇಳಿ ಮೇಜು ಕುಟ್ಟಿದರು. ಎಷ್ಟೋ ಜನ ಅಳಿಸಿ ಅಂತ ಬರುತ್ತಾರೆ, ತಿದ್ದಿ ಆಮೇಲೆ ಅಳಿಸಿ ಅಂದವರು ನೀವೇ ಮೊದಲು ಎಂದರು. ತಪ್ಪು ತಿದ್ದಿದರೆ, ಆ ತಪ್ಪನ್ನು ಯಾರ್ಯಾರಿಗೆ ಕೊಟ್ಟಿದ್ದರೋ ಅವರಿಗೆಲ್ಲ ತಿದ್ದಿದ್ದನ್ನೂ ತಿಳಿಸಬೇಕೆಂದು ಕಾನೂನಿನಲ್ಲೇ ಇದೆ. ಇಬ್ಬರೂ ಕೂತು ಬರೆದರು: ತಿದ್ದಿ, ತಿಳಿಸಿ, ತಿಳಿಸಿದ್ದಕ್ಕೆ ನಕಲು ಕೊಡಿ, ಆಮೇಲೆ ಅಳಿಸಿ.

“ನಷ್ಟಕ್ಕೆ ಪರಿಹಾರ ಕೇಳೋ ದಾವೆ?” ಎಂದರು ಸಲೀಮ್. “ಆರು ವರ್ಷ ಟೈಮಿದೆ.”

“ಅದು ಬೇಡ. ದುಡ್ಡು ತಗೊಂಡ್ರೆ, ಅವಳು ದುಡ್ಡಿಗೇ ಮಾಡಿದ್ದು ಅಂತಾರೆ.”

ಕಂಪನಿ ಉತ್ತರ ಕೊಡಲಿಲ್ಲ. ತಿಂಗಳು ಕಳೆಯಿತು. ಲೊರೇನ್ ಇಂಥ ದೂರು ವಿಚಾರಿಸುವ ಮಾಹಿತಿ ಆಯುಕ್ತರ ಕಚೇರಿಗೆ ದೂರು ಬರೆದಳು. ಚಳಿಗಾಲ ಮುಗಿಯಿತು. ದೂರಿನ ಸಂಖ್ಯೆ ಬಂತು, ವಿಚಾರಿಸುತ್ತಿದ್ದೇವೆ ಎಂಬ ಕಾಗದ ಬಂತು. ಏನಾಯ್ತು ಎಂದು ಪಾಲೀನ್ ಕೇಳುವುದನ್ನು ಬಿಟ್ಟಳು. ಲೊರೇನ್ ಕಾರನ್ನು ಈಗ ಚರ್ಚಿನ ಹಿಂದಿನ ಓಣಿಯಲ್ಲಿ ನಿಲ್ಲಿಸಿ ಕುಂಟುತ್ತಾ ಬರುತ್ತಿದ್ದಳು.

ಈಸ್ಟರ್ ರಜೆ ಮುಗಿದ ವಾರ ಕಂಪನಿಯಿಂದ ನಾಲ್ಕು ಹಾಳೆ ಒಟ್ಟಿಗೆ ಬಂದವು. ಮೂರು, ಆ ಮೂವರಿಗೆ ಬರೆದ ಕಾಗದದ ನಕಲು. ನಾಲ್ಕನೆಯದು ಆಕೆಗೆ. ಅದರಲ್ಲಿ ಕ್ಷಮೆಯ ಮಾತು ಇರಲಿಲ್ಲ. ಇದ್ದದ್ದು ಇಷ್ಟು: ‘ಶ್ರೀಮತಿ ಹಿಂಡಲ್ ಅವರ ವಾಹನ ಅಂದು ಬೆಳಿಗ್ಗೆ 9.04ಕ್ಕೆ ಹೊರಹೋಗಿ ಮಧ್ಯಾಹ್ನ 2.46ಕ್ಕೆ ಮರಳಿತ್ತು. ಅವರ ಹೇಳಿಕೆ ಸರಿಯಾಗಿತ್ತು.’

ಲೊರೇನ್ ಅದನ್ನು ಪಾಲೀನ್‌ಗೆ ಕೊಟ್ಟಳು. ಪಾಲೀನ್ ಕೈ ಒರೆಸಿಕೊಂಡು ಓದಿದಳು.

“ಈಗ ಗೆದ್ದೆ ಅಂತ ಒಪ್ಕೋತೀಯಾ?”

“ಈಗ ಅಳಿಸ್ಬಹುದು ಅಂತ ಬರೀತೀನಿ,” ಎಂದಳು ಲೊರೇನ್. ಅದೇ ದಿನ ಬರೆದಳು.

ಆ ಕಡೆ ಹೋದರೆ ಬೆಳಿಗ್ಗೆ ಎಂಟೂಕಾಲಿಗೋ ಮಧ್ಯಾಹ್ನ ಮೂರಕ್ಕೋ ಶಾಲೆಯ ಮುಂದೆ ಹೋಗಿ ಆಕೆಯನ್ನು ಕಾಣಿ. ಮಕ್ಕಳೆಲ್ಲ ದಾಟುವವರೆಗೆ ಕಾಯಿರಿ, ಆಮೇಲೆ ಮಾತಾಡಿಸಿ. ಏನಾಯಿತೆಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಕಾಗದ ತೋರಿಸಿ ಎಂದು ಮಾತ್ರ ಕೇಳಬೇಡಿ. ಆಕೆಯ ಬಾಯಿಮಾತು ಸಾಕು.